ಲಿನಕ್ಸ್ ಒಳಗೇ ವಿಂಡೋಸ್: ಕೆವಿಎಂ ಹಾಕಿಕೊಳ್ಳುವ ಪೂರ್ತಿ ವಿಧಾನ

ದಾವಣಗೆರೆಯಲ್ಲಿ ಯಾರ ಹತ್ತಿರವಾದರೂ ಲಿನಕ್ಸ್ ಮಾತು ತೆಗೆಯಿರಿ, ಮೊದಲು ಬರುವ ಪ್ರಶ್ನೆ ಇದೇ: "ಸರ್, ಅದರಲ್ಲಿ ನುಡಿ ಓಡುತ್ತಾ? ಪೇಜ್‌ಮೇಕರ್ ಓಡುತ್ತಾ?" ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ ಮಾಡಿಕೊಡುವ ಡಿಟಿಪಿ ಅಂಗಡಿಯವರ ಚಿಂತೆ ಅದು. ಮಂಡಿಪೇಟೆ ಕಡೆಯವರಿಗೆ ಟ್ಯಾಲಿ ಬೇಕು. ಬಿಐಇಟಿ, ಯುಬಿಡಿಟಿ ಕಾಲೇಜಿನ ಹುಡುಗರದು ಬೇರೆ ಕಥೆ. ನೆಟ್‌ವರ್ಕ್ ಪ್ರಯೋಗಕ್ಕೆ ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ಮೆಷಿನ್ ಒಟ್ಟಿಗೆ ಓಡಬೇಕು, ಹಾಳಾದರೆ ಅಳಿಸಿ ಮತ್ತೆ ಹಾಕುವಂತಿರಬೇಕು.

ಎಲ್ಲರಿಗೂ ಉತ್ತರ ಒಂದೇ, ವರ್ಚುವಲ್ ಮೆಷಿನ್, ಚುಟುಕಾಗಿ ವಿಎಂ. ಲಿನಕ್ಸ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಅದರೊಳಗೆ ಒಂದು ಕಿಟಕಿಯಲ್ಲಿ ವಿಂಡೋಸ್ ಓಡುತ್ತದೆ. ಒಳಗಿನ ವಿಂಡೋಸ್‌ಗೆ ತಾನು ನಿಜವಾದ ಕಂಪ್ಯೂಟರ್‌ನಲ್ಲೇ ಇದ್ದೇನೆ ಎನ್ನುವ ಭಾವನೆ. ಆ ನಾಟಕ ನಡೆಸುವ ಸಾಫ್ಟ್‌ವೇರೇ ಹೈಪರ್‌ವೈಸರ್.

ಹೆಚ್ಚಿನವರು ಇದಕ್ಕೆ ವರ್ಚುವಲ್‌ಬಾಕ್ಸ್ ಹಾಕುತ್ತಾರೆ. ವಿಂಡೋಸ್‌ನಲ್ಲಿ ಬಳಸಿದ ರೂಢಿ. ಕೆಟ್ಟದ್ದೇನಲ್ಲ, ಆದರೆ ಲಿನಕ್ಸ್ ಮೇಲೆ ಅದರ ಅಗತ್ಯವೇ ಇಲ್ಲ. ಹೈಪರ್‌ವೈಸರ್ ನಿಮ್ಮ ಲಿನಕ್ಸ್‌ನ ಕರ್ನೆಲ್‌ನಲ್ಲೇ, ಅಂದರೆ ಹಾರ್ಡ್‌ವೇರ್ ನಡೆಸುವ ಅದರ ತಿರುಳಿನಲ್ಲೇ ಇದೆ. ಅದರ ಹೆಸರು ಕೆವಿಎಂ. 2007ರ ಫೆಬ್ರವರಿಯಲ್ಲಿ ಬಂದ 2.6.20 ಕರ್ನೆಲ್‌ನಿಂದ ಹಿಡಿದು ಇವತ್ತಿನವರೆಗೂ ಇದೆ. ಅವಿ ಕಿವಿಟಿ ಎಂಬ ಎಂಜಿನಿಯರ್ ಕುಮ್ರಾನೆಟ್ ಕಂಪನಿಯಲ್ಲಿದ್ದಾಗ ಬರೆದದ್ದು, 2008ರಲ್ಲಿ ಆ ಕಂಪನಿಯನ್ನು ರೆಡ್ ಹ್ಯಾಟ್ ಕೊಂಡುಕೊಂಡಿತು. ವರ್ಚುವಲ್‌ಬಾಕ್ಸ್ ಆದರೆ ತನ್ನದೇ ಮಾಡ್ಯೂಲನ್ನು ಕರ್ನೆಲ್‌ಗೆ ಸೇರಿಸಬೇಕು. ಕರ್ನೆಲ್ ಅಪ್‌ಡೇಟ್ ಆದಾಗ ಆ ಮಾಡ್ಯೂಲ್ ಮತ್ತೆ ಕಟ್ಟಬೇಕು. ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಅದಕ್ಕೆ ಡಿಜಿಟಲ್ ಸಹಿ ಬೇರೆ ಹಾಕಬೇಕು. ಕೆವಿಎಂಗೆ ಈ ಯಾವ ತಲೆನೋವೂ ಇಲ್ಲ. ನಾವು ಮಾಡಬೇಕಾದ್ದು ಅದನ್ನು ಎಬ್ಬಿಸಿ, ಅದರ ಮೇಲೆ ಕೂರುವ ಸಲಕರಣೆಗಳನ್ನು ಹಾಕಿಕೊಳ್ಳುವುದು ಅಷ್ಟೇ.

ಒಂದು ಮಾತು ಮೊದಲೇ. ನುಡಿ ಕೀಲಿಮಣೆಯಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಸಾಕು ಎನ್ನುವವರಿಗೆ ಈ ಲೇಖನವೇ ಬೇಡ. ಲಿನಕ್ಸ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಕಗಪ ವಿನ್ಯಾಸ ಸಿಗುತ್ತದೆ, ಸೇರಿಸಿಕೊಂಡರೆ ಮುಗಿಯಿತು. ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪೇಜ್‌ಮೇಕರ್ ಫೈಲು ತೆರೆಯಬೇಕು, ಟ್ಯಾಲಿ ಬೇಕು ಅನ್ನುವವರು ಮುಂದೆ ಓದಿ.

ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಮಿಂಟ್ 22ರ ಲೆಕ್ಕದಲ್ಲಿ. ಅದು ಉಬುಂಟು 24.04 ಮೇಲೆ ನಿಂತದ್ದು, ಹಾಗಾಗಿ ಉಬುಂಟುಗೂ ಹೆಚ್ಚು ಕಡಿಮೆ ಇದೇ ದಾರಿ. ಪರದೆಯ ಮೇಲಿನ ಹೆಸರುಗಳನ್ನು ಓದುವ ಹಾಗೆಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ. ಟರ್ಮಿನಲ್ ಕಂಡರೆ ಹೆದರುವವರೂ ಇರುತ್ತಾರೆ ಅಲ್ವಾ, ಅದಕ್ಕೇ ಸಾಧ್ಯವಾದಷ್ಟು ಮೌಸ್‌ನಲ್ಲೇ ಮುಗಿಸೋಣ.

ಮೊದಲು ಮೆಷಿನ್ ತಡೆಯುತ್ತದೋ ನೋಡಿ

ರ್ಯಾಮ್ ಕನಿಷ್ಠ 8 ಜಿಬಿ ಇರಲಿ. 4 ಜಿಬಿಯಲ್ಲಿ ವಿಂಡೋಸ್ 7 ಅಥವಾ ಎಕ್ಸ್‌ಪಿಯಂಥ ಹಳೆಯದನ್ನು ಓಡಿಸಬಹುದು, ವಿಂಡೋಸ್ 11ರ ಆಸೆ ಬಿಡಿ. ಅದಕ್ಕೇ 4 ಜಿಬಿ ಬೇಕು, ಲಿನಕ್ಸ್‌ಗೆ ಉಳಿಯುವುದೇನು? 16 ಜಿಬಿ ಇದ್ದರೆ ಆರಾಮ. ಡಿಸ್ಕ್ ಎಸ್‌ಎಸ್‌ಡಿ ಆಗಿರಲೇಬೇಕು ಎಂದೇ ಹೇಳುತ್ತೇನೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಮೇಲೆ ಲಿನಕ್ಸ್, ವಿಂಡೋಸ್ ಎರಡೂ ಒಟ್ಟಿಗೆ ಓದಿ ಬರೆಯಲು ಹೊರಟರೆ ಎರಡೂ ತೆವಳುತ್ತವೆ. ದುಡ್ಡು ಹಾಕುವುದಿದ್ದರೆ ಮೊದಲು ಎಸ್‌ಎಸ್‌ಡಿಗೆ ಹಾಕಿ, ಆಮೇಲೆ ರ್ಯಾಮ್‌ಗೆ.

ಇನ್ನು ಪ್ರೊಸೆಸರ್. ಕೆವಿಎಂಗೆ ಚಿಪ್‌ನಲ್ಲೇ ವರ್ಚುವಲೈಸೇಶನ್ ಸೌಲಭ್ಯ ಬೇಕು. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಎಂಡಿ-ವಿ. ಕೋರ್ ಐ3, ಐ5, ರೈಜೆನ್ ಎಲ್ಲದರಲ್ಲೂ ಇದೆ. ಸೆಕೆಂಡ್ ಹ್ಯಾಂಡ್ ತಂದ ಹಳೆಯ ಪೆಂಟಿಯಂ, ಸೆಲೆರಾನ್, ಆಟಮ್ ಚಿಪ್‌ಗಳಲ್ಲಿ ಕೆಲವಕ್ಕೆ ಇರುವುದಿಲ್ಲ.

ನೋಡುವುದು ಸುಲಭ. ಟರ್ಮಿನಲ್ ತೆರೆದು ಎಲ್, ಎಸ್, ಸಿ, ಪಿ, ಯು ಎಂಬ ಐದು ಅಕ್ಷರಗಳನ್ನು ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ವರ್ಚುವಲೈಸೇಶನ್ ಎಂಬ ಸಾಲು ಹುಡುಕಿ. ಎದುರಿಗೆ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಎಂದಿದ್ದರೆ ಚಿಪ್ ಸರಿಯಿದೆ. ಸಾಲೇ ಇಲ್ಲವಾದರೆ ಚಿಪ್‌ನಲ್ಲೇ ಇಲ್ಲ, ಇಲ್ಲವೇ ಬಯಾಸ್‌ನಲ್ಲಿ, ಅಂದರೆ ಓಎಸ್‌ಗೂ ಮೊದಲು ಮೆಷಿನ್ ಎಬ್ಬಿಸುವ ಸಾಫ್ಟ್‌ವೇರ್‌ನಲ್ಲಿ ಮುಚ್ಚಿದ್ದಾರೆ. ಚಿಪ್‌ನ ಮಾಡೆಲ್ ಸಂಖ್ಯೆ ಅದೇ ಪಟ್ಟಿಯಲ್ಲಿರುತ್ತದೆ, ತಯಾರಕರ ಸೈಟಿನಲ್ಲಿ ಹಾಕಿ ನೋಡಿದರೆ ಎರಡರಲ್ಲಿ ಯಾವುದು ಎಂದು ಖಚಿತವಾಗುತ್ತದೆ.

ಬಯಾಸ್‌ನಲ್ಲಿ ಸ್ವಿಚ್ ಹಾಕುವುದು

ಮೆಷಿನ್ ಆನ್ ಮಾಡಿದ ಕೂಡಲೇ ಬಯಾಸ್ ಕೀ ಒತ್ತುತ್ತಾ ಹೋಗಿ. ಡೆಲ್, ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2, ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಹೆಚ್ಚಾಗಿ ಡಿಲೀಟ್.

ಒಳಗೆ ಹೋದ ಮೇಲೆ ಆ ಆಯ್ಕೆ ಎಲ್ಲಿದೆ ಎನ್ನುವುದೇ ಹುಡುಕಾಟ. ಒಂದೊಂದು ಕಂಪನಿಯದು ಒಂದೊಂದು ಜಾಗ. ಅಡ್ವಾನ್ಸ್ಡ್ ಒಳಗೆ ಸಿಪಿಯು ಕಾನ್ಫಿಗರೇಶನ್‌ನಲ್ಲಿ ಇರಬಹುದು, ಎಚ್‌ಪಿ ಲ್ಯಾಪ್‌ಟಾಪ್‌ನಲ್ಲಿ ಸಿಸ್ಟಮ್ ಕಾನ್ಫಿಗರೇಶನ್ ಒಳಗೆ ಇರಬಹುದು, ಕೆಲವರು ಸೆಕ್ಯುರಿಟಿ ಕೆಳಗೆ ಇಟ್ಟಿರುತ್ತಾರೆ. ಹೆಸರು ಇಂಟೆಲ್‌ನಲ್ಲಿ ಇಂಟೆಲ್ ವರ್ಚುವಲೈಸೇಶನ್ ಟೆಕ್ನಾಲಜಿ. ಎಎಂಡಿ ಬೋರ್ಡ್‌ನಲ್ಲಿ ವರ್ಚುವಲೈಸೇಶನ್ ಎಂದು ಹುಡುಕಿದರೆ ಸಿಗದೇ ಹೋಗಬಹುದು, ಅಲ್ಲಿ ಅದನ್ನು ಎಸ್‌ವಿಎಂ ಮೋಡ್ ಎಂದು ಬರೆದಿರುತ್ತಾರೆ. ಎನೇಬಲ್ ಮಾಡಿ, ಸೇವ್ ಮಾಡಿ ಹೊರಬನ್ನಿ. ಆಮೇಲೆ ಸುಮ್ನೆ ರೀಸ್ಟಾರ್ಟ್ ಮಾಡುವ ಬದಲು ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಕೆಲವು ಹಳೆಯ ಬೋರ್ಡ್‌ಗಳು ಹಾಗೆ ಮಾಡಿದರೇ ಕೇಳುವುದು.

ಲಿನಕ್ಸ್‌ಗೆ ಬಂದು ಮತ್ತೆ ಅದೇ ಐದಕ್ಷರ ಹೊಡೆದು ನೋಡಿ.

ಪ್ಯಾಕೇಜ್ ಹಾಕುವುದು

ನಾಲ್ಕು ತುಂಡು ಸೇರಿ ಒಂದು ವ್ಯವಸ್ಥೆ. ಕೆವಿಎಂ ಕರ್ನೆಲ್‌ನಲ್ಲಿ ಕೂತು ಪ್ರೊಸೆಸರ್ ಕೆಲಸ ನೋಡಿಕೊಳ್ಳುತ್ತದೆ. ಕ್ಯೂಎಂಯು ಒಳಗಿನ ಓಎಸ್‌ಗೆ ಡಿಸ್ಕ್, ನೆಟ್‌ವರ್ಕ್ ಕಾರ್ಡ್, ಡಿಸ್ಪ್ಲೇ ಎಲ್ಲವನ್ನೂ ಸೃಷ್ಟಿಸಿ ತೋರಿಸುತ್ತದೆ. ಇದನ್ನು ಮೊದಲು ಬರೆದದ್ದು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್. ಲಿಬ್‌ವರ್ಟ್ ಇವೆರಡನ್ನೂ ನಿಭಾಯಿಸುವ ಮೇಸ್ತ್ರಿ. ವರ್ಟ್-ಮ್ಯಾನೇಜರ್ ನಾವು ನೋಡುವ, ಕ್ಲಿಕ್ ಮಾಡುವ ಕಿಟಕಿ, ಮೆನುವಿನಲ್ಲಿ ಅದರ ಹೆಸರು ವರ್ಚುವಲ್ ಮೆಷಿನ್ ಮ್ಯಾನೇಜರ್.

ಮಿಂಟ್‌ನಲ್ಲಿ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ಮೊದಲೇ ಇರುತ್ತದೆ. ಮೆನುವಿನಲ್ಲಿ ಹುಡುಕಿ ತೆರೆಯಿರಿ, ಪಾಸ್‌ವರ್ಡ್ ಕೇಳುತ್ತದೆ ಕೊಡಿ. ಮೊದಲು ರಿಲೋಡ್ ಒತ್ತಿ, ಪಟ್ಟಿ ಹೊಸದಾಗಲಿ. ಆಮೇಲೆ ಸರ್ಚ್‌ನಲ್ಲಿ ಒಂದೊಂದೇ ಹುಡುಕಿ, ಎಡಗಡೆಯ ಚೌಕದ ಮೇಲೆ ಕ್ಲಿಕ್ ಮಾಡಿ ಮಾರ್ಕ್ ಫಾರ್ ಇನ್‌ಸ್ಟಲೇಶನ್ ಕೊಡಿ:

1. ಕ್ಯೂಎಂಯು-ಸಿಸ್ಟಮ್-ಎಕ್ಸ್86 (qemu-system-x86)
2. ಲಿಬ್‌ವರ್ಟ್-ಡೀಮನ್-ಸಿಸ್ಟಮ್ (libvirt-daemon-system)
3. ವರ್ಟ್-ಮ್ಯಾನೇಜರ್ (virt-manager)
4. ಓವಿಎಂಎಫ್ (ovmf), ಒಳಗಿನ ಮೆಷಿನ್‌ಗೆ ಯುಇಎಫ್‌ಐ, ಅಂದರೆ ಬಯಾಸ್‌ನ ಹೊಸ ರೂಪ ಕೊಡಲು
5. ಎಸ್‌ಡಬ್ಲ್ಯುಟಿಪಿಎಂ (swtpm) ಮತ್ತು ಎಸ್‌ಡಬ್ಲ್ಯುಟಿಪಿಎಂ-ಟೂಲ್ಸ್ (swtpm-tools), ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್‌ನ ನಕಲಿಗೆ

ಹೆಸರಿನ ನಡುವೆ ಅಡ್ಡಗೆರೆ ಇರುತ್ತದೆ, ಜಾಗ ಇರುವುದಿಲ್ಲ. ಪೂರ್ತಿ ಹೆಸರು ಹೊಡೆಯುವ ಅಗತ್ಯವೂ ಇಲ್ಲ, ಮೊದಲ ತುಂಡು ಹೊಡೆದರೆ ಪಟ್ಟಿಯಲ್ಲಿ ಕಾಣುತ್ತದೆ. ಜೊತೆಗೆ ಇನ್ನಷ್ಟು ಪ್ಯಾಕೇಜ್ ಬೇಕು ಎಂದು ಕೇಳಿದರೆ ಮಾರ್ಕ್ ಒತ್ತಿ ಒಪ್ಪಿಕೊಳ್ಳಿ. ಕೊನೆಗೆ ಅಪ್ಲೈ.

ನಿಮ್ಮ ಹೆಸರನ್ನು ಗುಂಪಿಗೆ ಸೇರಿಸಿ

ವರ್ಚುವಲ್ ಮೆಷಿನ್ ನಡೆಸುವ ಹಕ್ಕು ಲಿಬ್‌ವರ್ಟ್ ಎಂಬ ಗುಂಪಿನವರಿಗೆ ಮಾತ್ರ. ಮೆನುವಿನಲ್ಲಿ ಯೂಸರ್ಸ್ ಆಂಡ್ ಗ್ರೂಪ್ಸ್ ತೆರೆಯಿರಿ. ನಿಮ್ಮ ಹೆಸರಿನ ಮೇಲೆ ಕ್ಲಿಕ್ ಮಾಡಿ, ಬಲಗಡೆ ಗ್ರೂಪ್ಸ್ ಸಾಲನ್ನು ಒತ್ತಿ. ಪಟ್ಟಿಯಲ್ಲಿ ಲಿಬ್‌ವರ್ಟ್ ಮತ್ತು ಕೆವಿಎಂ ಎರಡಕ್ಕೂ ಟಿಕ್ ಹಾಕಿ. ಕೆಲವು ಸಲ ಇನ್‌ಸ್ಟಾಲ್ ಆಗುವಾಗಲೇ ಸೇರಿಸಿರುತ್ತದೆ, ಆದರೂ ನೋಡಿಕೊಳ್ಳಿ.

ಈಗ ಮೆಷಿನ್ ರೀಸ್ಟಾರ್ಟ್ ಮಾಡಿ. ಗುಂಪಿಗೆ ಸೇರಿದ್ದು ಮತ್ತೆ ಲಾಗಿನ್ ಆಗುವವರೆಗೆ ಲೆಕ್ಕಕ್ಕೆ ಬರುವುದಿಲ್ಲ. ಕನೆಕ್ಟ್ ಆಗುತ್ತಿಲ್ಲ ಎಂದು ಬರುವ ದೂರುಗಳಲ್ಲಿ ಬಹುಪಾಲು ಇದೊಂದನ್ನು ಬಿಟ್ಟಿದ್ದರಿಂದ.

ರೀಸ್ಟಾರ್ಟ್ ಆದ ಮೇಲೆ ವರ್ಚುವಲ್ ಮೆಷಿನ್ ಮ್ಯಾನೇಜರ್ ತೆರೆಯಿರಿ. ಕ್ಯೂಎಂಯು/ಕೆವಿಎಂ ಎಂಬ ಒಂದು ಸಾಲು ಕಾಣಬೇಕು, ಎದುರಿಗೆ ನಾಟ್ ಕನೆಕ್ಟೆಡ್ ಎಂದು ಇರಬಾರದು. ಅಲ್ಲಿಗೆ ಹೈಪರ್‌ವೈಸರ್ ತಯಾರು.

ಐಎಸ್‌ಒ ಫೈಲ್ ಎಲ್ಲಿಡಬೇಕು

ವಿಂಡೋಸ್ 11 ಐಎಸ್‌ಒ, ಅಂದರೆ ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ನಕಲು ಇರುವ ಒಂದೇ ಫೈಲ್, ಮೈಕ್ರೋಸಾಫ್ಟ್ ಸೈಟಿನಲ್ಲೇ ಸಿಗುತ್ತದೆ. ಪೆನ್‌ಡ್ರೈವ್‌ನಲ್ಲಿ ಯಾರೋ ಕೊಟ್ಟ, ಏನೇನೋ ಸೇರಿಸಿದ ಐಎಸ್‌ಒ ಬೇಡ. ಲೈಸೆನ್ಸ್ ವಿಷಯವೂ ಹೇಳಿಬಿಡುತ್ತೇನೆ. ಒಳಗಿನ ವಿಂಡೋಸ್‌ಗೂ ಅದರದ್ದೇ ಲೈಸೆನ್ಸ್ ಬೇಕು, ವರ್ಚುವಲ್ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಜೊತೆಗೆ ಇನ್ನೊಂದು ಫೈಲ್ ಇಳಿಸಿಕೊಳ್ಳಿ, ವರ್ಟಿಯೋ-ವಿನ್ (virtio-win) ಐಎಸ್‌ಒ. ಫೆಡೋರಾದವರು ಉಚಿತವಾಗಿ ಕೊಡುತ್ತಾರೆ. ವಿಂಡೋಸ್‌ಗೆ ಬೇಕಾದ ಡ್ರೈವರ್‌ಗಳೆಲ್ಲ ಅದರಲ್ಲಿವೆ. ಯಾಕೆ ಬೇಕು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಎರಡನ್ನೂ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿಟ್ಟರೆ ವರ್ಟ್-ಮ್ಯಾನೇಜರ್ ತಕರಾರು ತೆಗೆಯುತ್ತದೆ. ವರ್ಚುವಲ್ ಮೆಷಿನ್ ಓಡುವುದು ನಿಮ್ಮ ಹೆಸರಿನಲ್ಲಲ್ಲ, ಬೇರೊಂದು ಯೂಸರ್ ಹೆಸರಿನಲ್ಲಿ. ಆ ಯೂಸರ್‌ಗೆ ನಿಮ್ಮ ಹೋಮ್ ಫೋಲ್ಡರ್ ಒಳಗೆ ಪ್ರವೇಶವಿಲ್ಲ. ಅನುಮತಿ ಸಡಿಲಿಸುವ ಬದಲು ಫೈಲನ್ನೇ ಸರಿಯಾದ ಜಾಗಕ್ಕೆ ಹಾಕಿ. ಫೈಲ್ ಮ್ಯಾನೇಜರ್‌ನಲ್ಲಿ ಫೈಲ್ ಸಿಸ್ಟಮ್‌ಗೆ ಹೋಗಿ, ಅಲ್ಲಿಂದ ವಾರ್, ಅದರೊಳಗೆ ಲಿಬ್, ಅದರೊಳಗೆ ಲಿಬ್‌ವರ್ಟ್. ಅಲ್ಲಿ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ಆಸ್ ರೂಟ್ ಕೊಡಿ. ಕೆಂಪು ಪಟ್ಟಿ ಇರುವ ಹೊಸ ಕಿಟಕಿ ತೆರೆಯುತ್ತದೆ. ಅದರಲ್ಲಿ ಇಮೇಜಸ್ ಫೋಲ್ಡರ್‌ಗೆ ಎರಡೂ ಐಎಸ್‌ಒ ಕಾಪಿ ಮಾಡಿ, ಕಿಟಕಿ ಮುಚ್ಚಿ. ರೂಟ್ ಕಿಟಕಿಯಲ್ಲಿ ಬೇರೇನೂ ಮುಟ್ಟಲು ಹೋಗಬೇಡಿ.

ಮೊದಲ ವರ್ಚುವಲ್ ಮೆಷಿನ್

ವರ್ಚುವಲ್ ಮೆಷಿನ್ ಮ್ಯಾನೇಜರ್‌ನ ಫೈಲ್ ಮೆನುವಿನಲ್ಲಿ ನ್ಯೂ ವರ್ಚುವಲ್ ಮೆಷಿನ್ ಒತ್ತಿ. ಐದು ಹಂತ ಬರುತ್ತದೆ.

ಒಂದನೇ ಹಂತದಲ್ಲಿ ಲೋಕಲ್ ಇನ್‌ಸ್ಟಾಲ್ ಮೀಡಿಯಾ ಆರಿಸಿ ಫಾರ್ವರ್ಡ್ ಒತ್ತಿ. ಎರಡನೆಯದರಲ್ಲಿ ಬ್ರೌಸ್ ಒತ್ತಿ ವಿಂಡೋಸ್ ಐಎಸ್‌ಒ ತೋರಿಸಿ. ಕೆಳಗೆ ಓಎಸ್ ಹೆಸರನ್ನು ಅದೇ ಗುರುತಿಸುತ್ತದೆ. ಗುರುತಿಸದಿದ್ದರೆ ಟಿಕ್ ತೆಗೆದು ನೀವೇ ಹೆಸರು ಕೊಡಿ. ಇಲ್ಲಿ ಸರಿಯಾದ ಓಎಸ್ ಹೆಸರು ಕೊಡುವುದು ಮುಖ್ಯ, ಯಾವ ಡಿಸ್ಕ್, ಯಾವ ನೆಟ್‌ವರ್ಕ್ ಕಾರ್ಡ್ ತೋರಿಸಬೇಕು ಎನ್ನುವುದು ಈ ಹೆಸರಿನ ಮೇಲೆ ನಿಂತಿದೆ.

ಮೂರನೆಯದು ರ್ಯಾಮ್ ಮತ್ತು ಸಿಪಿಯು. 8 ಜಿಬಿ ಮೆಷಿನ್‌ನಲ್ಲಿ 4096 ಕೊಡಿ, 16 ಜಿಬಿ ಇದ್ದರೆ 8192. ಅರ್ಧಕ್ಕಿಂತ ಜಾಸ್ತಿ ಕೊಟ್ಟರೆ ಲಿನಕ್ಸ್ ಸ್ವಾಪ್‌ಗೆ, ಅಂದರೆ ರ್ಯಾಮ್ ಬದಲು ಡಿಸ್ಕ್ ಬಳಸುವುದಕ್ಕೆ ಇಳಿಯುತ್ತದೆ, ಆಗ ಒಳಗಿನದ್ದೂ ನಿಧಾನ ಹೊರಗಿನದ್ದೂ ನಿಧಾನ. ಸಿಪಿಯು ಸಹ ಅರ್ಧ ಕೊಡಿ. ಬೇಸಿಗೆಯಲ್ಲಿ ನಮ್ಮೂರ ಸೆಕೆಗೆ ಲ್ಯಾಪ್‌ಟಾಪ್ ಮೊದಲೇ ಬಿಸಿ. ಎಲ್ಲ ಕೋರ್ ವಿಂಡೋಸ್‌ಗೆ ಕೊಟ್ಟು ಅದು ಅಪ್‌ಡೇಟ್ ಶುರು ಮಾಡಿದರೆ ಫ್ಯಾನ್ ಸದ್ದು ಪಕ್ಕದ ಅಂಗಡಿಗೂ ಕೇಳುತ್ತದೆ.

ನಾಲ್ಕನೆಯದು ಡಿಸ್ಕ್. ವಿಂಡೋಸ್ 11 ಕನಿಷ್ಠ 64 ಜಿಬಿ ಕೇಳುತ್ತದೆ, 80 ಕೊಡಿ. ಕೊಟ್ಟ ಕೂಡಲೇ 80 ಜಿಬಿಯೂ ಖರ್ಚಾಗುವುದಿಲ್ಲ. ಕ್ಯೂಕೌ2 ಎಂಬ ಈ ಡಿಸ್ಕ್ ಫೈಲು ಒಳಗೆ ತುಂಬಿದಷ್ಟೇ ಜಾಗ ಹಿಡಿಯುತ್ತದೆ. ಆದರೆ ತುಂಬುತ್ತಾ ಹೋದಂತೆ ಬೆಳೆಯುತ್ತದೆ, ಹಾಗಾಗಿ ಎಸ್‌ಎಸ್‌ಡಿಯಲ್ಲಿ ನಿಜವಾಗಿ ಜಾಗ ಇರಲಿ. ಲಿನಕ್ಸ್ ಡಿಸ್ಕ್ ಪೂರ್ತಿ ತುಂಬಿದರೆ ಒಳಗಿನ ಮೆಷಿನ್ ನಡುವೆಯೇ ನಿಂತುಬಿಡುತ್ತದೆ.

ಐದನೇ ಹಂತದಲ್ಲಿ ಹೆಸರು ಕೊಡಿ. ಫಿನಿಶ್ ಒತ್ತುವ ಮೊದಲು ಕಸ್ಟಮೈಸ್ ಕಾನ್ಫಿಗರೇಶನ್ ಬಿಫೋರ್ ಇನ್‌ಸ್ಟಾಲ್ ಎಂಬುದಕ್ಕೆ ಟಿಕ್ ಹಾಕಿ. ಇದನ್ನು ಬಿಟ್ಟರೆ ಮುಂದಿನ ಭಾಗ ಮಾಡಲಾಗುವುದಿಲ್ಲ.

ಇನ್‌ಸ್ಟಾಲ್‌ಗೆ ಮೊದಲು ಬದಲಿಸಬೇಕಾದ್ದು

ಟಿಕ್ ಹಾಕಿ ಫಿನಿಶ್ ಒತ್ತಿದರೆ ಎಡಗಡೆ ಹಾರ್ಡ್‌ವೇರ್ ಪಟ್ಟಿ ಇರುವ ಕಿಟಕಿ ಬರುತ್ತದೆ. ವೇಗವಾಗಿ ಓಡುವ ವಿಂಡೋಸ್‌ಗೂ ತೆವಳುವ ವಿಂಡೋಸ್‌ಗೂ ವ್ಯತ್ಯಾಸ ಆಗುವುದು ಇಲ್ಲಿ, ಅವಸರ ಬೇಡ.

ಓವರ್‌ವ್ಯೂ ಒತ್ತಿ. ಚಿಪ್‌ಸೆಟ್ ಕ್ಯೂ35 ಇರಲಿ. ಫರ್ಮ್‌ವೇರ್ ಎದುರಿಗೆ ಯುಇಎಫ್‌ಐ ಎಂದಿರಬೇಕು. ಆಯ್ಕೆಗಳಲ್ಲಿ ಸೆಕ್‌ಬೂಟ್ ಎಂದು ಹೆಸರಿನಲ್ಲಿ ಇರುವುದು ಇದ್ದರೆ ಅದನ್ನೇ ತೆಗೆದುಕೊಳ್ಳಿ. ಇನ್‌ಸ್ಟಾಲ್ ಶುರುವಾದ ಮೇಲೆ ಈ ಫರ್ಮ್‌ವೇರ್ ಬದಲಿಸಲು ಬಿಡುವುದಿಲ್ಲ.

ಪಟ್ಟಿಯಲ್ಲಿ ಟಿಪಿಎಂ ಇದೆಯೇ ನೋಡಿ. ಇಲ್ಲವಾದರೆ ಕೆಳಗೆ ಆಡ್ ಹಾರ್ಡ್‌ವೇರ್ ಒತ್ತಿ ಟಿಪಿಎಂ ಆರಿಸಿ, ಟೈಪ್ ಎಮ್ಯುಲೇಟೆಡ್, ವರ್ಶನ್ 2.0.

ಈಗ ಡಿಸ್ಕ್. ಸಾಟಾ ಡಿಸ್ಕ್ 1 ಎಂದು ಕಾಣುವುದರ ಮೇಲೆ ಕ್ಲಿಕ್ ಮಾಡಿ, ಡಿಸ್ಕ್ ಬಸ್ ಎಂಬಲ್ಲಿ ಸಾಟಾ ತೆಗೆದು ವರ್ಟಿಯೋ ಮಾಡಿ, ಅಪ್ಲೈ ಒತ್ತಿ. ನೆಟ್‌ವರ್ಕ್ ಕಾರ್ಡಿನ ಡಿವೈಸ್ ಮಾಡೆಲ್ ಸಹ ವರ್ಟಿಯೋ. ಯಾಕೆಂದರೆ ಸಾಟಾ ಎಂದು ಕೊಟ್ಟರೆ ಕ್ಯೂಎಂಯು ಒಂದು ನಿಜವಾದ ಸಾಟಾ ಚಿಪ್‌ನ ಒಂದೊಂದು ಚಲನೆಯನ್ನೂ ನಟಿಸಬೇಕು. ಅದರಲ್ಲಿ ಸಮಯ ಹಾಳು. ವರ್ಟಿಯೋದಲ್ಲಿ ನಟನೆ ಇಲ್ಲ. ತಾನು ವರ್ಚುವಲ್ ಎಂದು ಡ್ರೈವರ್‌ಗೇ ಗೊತ್ತು, ನೇರವಾಗಿ ಹೊರಗಿನ ಲಿನಕ್ಸ್ ಜೊತೆ ಮಾತಾಡುತ್ತದೆ. ತೊಡಕು ಒಂದೇ, ಈ ಡ್ರೈವರ್ ವಿಂಡೋಸ್ ಜೊತೆ ಬರುವುದಿಲ್ಲ. ಅದಕ್ಕೇ ಆ ಎರಡನೇ ಐಎಸ್‌ಒ.

ಆಡ್ ಹಾರ್ಡ್‌ವೇರ್ ಒತ್ತಿ, ಸ್ಟೋರೇಜ್ ಆರಿಸಿ, ಡಿವೈಸ್ ಟೈಪ್ ಸಿಡಿರಾಮ್ ಎಂದು ಮಾಡಿ, ವರ್ಟಿಯೋ-ವಿನ್ ಐಎಸ್‌ಒ ತೋರಿಸಿ. ಈಗ ಎರಡು ಸಿಡಿ ಡ್ರೈವ್ ಆಯಿತು. ಮೇಲೆ ಎಡಗಡೆ ಬಿಗಿನ್ ಇನ್‌ಸ್ಟಲೇಶನ್ ಒತ್ತಿ.

ಇಲ್ಲಿ ಕೈ ಚುರುಕಾಗಿರಬೇಕು. ಸಿಡಿಯಿಂದ ಬೂಟ್ ಆಗಲು ಯಾವುದಾದರೂ ಕೀ ಒತ್ತಿ ಎಂಬ ಸಾಲು ಕೆಲವೇ ಸೆಕೆಂಡ್ ಇರುತ್ತದೆ. ಕೀ ಒತ್ತಿದರೂ ಅದು ಕಿಟಕಿಯ ಒಳಗೆ ಹೋಗದಿದ್ದರೆ ಪ್ರಯೋಜನವಿಲ್ಲ. ಮೊದಲು ಕಿಟಕಿಯೊಳಗೆ ಒಂದು ಕ್ಲಿಕ್, ಆಮೇಲೆ ಕೀ. ತಪ್ಪಿಹೋಗಿ ಕಪ್ಪು ಪರದೆಯಲ್ಲಿ ಶೆಲ್ ಎಂದೇನೋ ಬಂದರೆ ಗಾಬರಿ ಬೇಡ. ವರ್ಚುವಲ್ ಮೆಷಿನ್ ಮೆನುವಿನಲ್ಲಿ ಶಟ್‌ಡೌನ್ ಕೆಳಗೆ ಫೋರ್ಸ್ ರೀಸೆಟ್ ಕೊಟ್ಟು ಮತ್ತೆ ಪ್ರಯತ್ನಿಸಿ. ಮೌಸ್ ಒಳಗೇ ಸಿಕ್ಕಿಹಾಕಿಕೊಂಡರೆ ಎಡಗಡೆಯ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ.

ವಿಂಡೋಸ್ ಎಲ್ಲಿ ಹಾಕಬೇಕು ಎಂದು ಕೇಳುವ ಪರದೆಯಲ್ಲಿ ಡಿಸ್ಕ್ ಪಟ್ಟಿ ಖಾಲಿ ಇರುತ್ತದೆ. ಡಿಸ್ಕೇ ಇಲ್ಲ ಎಂದು ಅಲ್ಲಿಗೆ ನಿಲ್ಲಿಸಬೇಡಿ. ಲೋಡ್ ಡ್ರೈವರ್ ಒತ್ತಿ, ಬ್ರೌಸ್ ಮಾಡಿ, ವರ್ಟಿಯೋ ಸಿಡಿಯಲ್ಲಿ ವಿಯೋಸ್ಟೋರ್ ಫೋಲ್ಡರ್, ಅದರೊಳಗೆ ಡಬ್ಲ್ಯು11, ಅದರೊಳಗೆ ಎಎಂಡಿ64 ತೋರಿಸಿ. ಪ್ರೊಸೆಸರ್ ಇಂಟೆಲ್ ಆದರೂ ಎಎಂಡಿ64 ಫೋಲ್ಡರೇ, ಇಂಟೆಲ್, ಎಎಂಡಿ ಎರಡರ 64 ಬಿಟ್ ಚಿಪ್‌ಗಳಿಗೂ ಅದೇ ಹೆಸರು. ಡ್ರೈವರ್ ಹತ್ತಿದ ಕೂಡಲೇ ಡಿಸ್ಕ್ ಕಾಣುತ್ತದೆ. ಅದೇ ಪರದೆಯಲ್ಲಿ ಇನ್ನೊಮ್ಮೆ ಲೋಡ್ ಡ್ರೈವರ್ ಒತ್ತಿ ನೆಟ್‌ಕೆವಿಎಂ ಫೋಲ್ಡರ್‌ನಿಂದ ನೆಟ್‌ವರ್ಕ್ ಡ್ರೈವರನ್ನೂ ಹಾಕಿಬಿಡಿ. ವಿಂಡೋಸ್ 11 ಕೊನೆಗೆ ಇಂಟರ್‌ನೆಟ್ ಕೇಳಿ ಕೂರುತ್ತದೆ, ಆಗ ಪರದಾಡುವುದು ತಪ್ಪುತ್ತದೆ.

ಇನ್‌ಸ್ಟಾಲ್ ಮುಗಿದು ಡೆಸ್ಕ್‌ಟಾಪ್ ಬಂದ ಮೇಲೆ ವರ್ಟಿಯೋ ಸಿಡಿ ತೆರೆದು ವರ್ಟಿಯೋ-ವಿನ್-ಗೆಸ್ಟ್-ಟೂಲ್ಸ್ ಓಡಿಸಿ. ಉಳಿದ ಡ್ರೈವರ್‌ಗಳೆಲ್ಲ ಒಟ್ಟಿಗೆ ಬರುತ್ತವೆ. ಲಿನಕ್ಸ್‌ನಲ್ಲಿ ಕಾಪಿ ಮಾಡಿದ್ದನ್ನು ವಿಂಡೋಸ್‌ನಲ್ಲಿ ಪೇಸ್ಟ್ ಮಾಡುವುದು, ಕಿಟಕಿ ಹಿಗ್ಗಿಸಿದರೆ ಪರದೆಯೂ ಹಿಗ್ಗುವುದು ಎಲ್ಲ ಅದಾದ ಮೇಲೆಯೇ.

ಒಳಗೆ ಇನ್ನೊಂದು ಲಿನಕ್ಸ್ ಹಾಕುವ ವಿದ್ಯಾರ್ಥಿಗಳಿಗೆ ಈ ರಾಮಾಯಣ ಯಾವುದೂ ಇಲ್ಲ. ವರ್ಟಿಯೋ ಡ್ರೈವರ್ ಲಿನಕ್ಸ್‌ನಲ್ಲೇ ಇದೆ. ಐಎಸ್‌ಒ ಕೊಡಿ, 2 ಜಿಬಿ ರ್ಯಾಮ್ ಕೊಡಿ, ಹಾಕಿ.

ನುಡಿ, ಪೇಜ್‌ಮೇಕರ್‌ಗೆ ಬೇರೆ ಮೆಷಿನ್

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆ. ಅದನ್ನು ವಿಂಡೋಸ್ 11ರಲ್ಲಿ ಒದ್ದಾಡಿಸುವ ಬದಲು, ನಿಮ್ಮ ಅಂಗಡಿಯಲ್ಲಿ ಈಗ ಅದು ಯಾವ ವಿಂಡೋಸ್‌ನಲ್ಲಿ ಓಡುತ್ತಿದೆಯೋ ಅದನ್ನೇ ಇನ್ನೊಂದು ವರ್ಚುವಲ್ ಮೆಷಿನ್ ಆಗಿ ಹಾಕಿ. ಎಕ್ಸ್‌ಪಿಗೆ 1 ಜಿಬಿ ರ್ಯಾಮ್, 20 ಜಿಬಿ ಡಿಸ್ಕ್ ಧಾರಾಳ. ವಿಂಡೋಸ್ 7 ಆದರೆ 2 ಜಿಬಿ. ಇಲ್ಲಿ ಯುಇಎಫ್‌ಐ, ಟಿಪಿಎಂ, ವರ್ಟಿಯೋ ಯಾವುದನ್ನೂ ಮುಟ್ಟಬೇಡಿ. ಎರಡನೇ ಹಂತದಲ್ಲಿ ಓಎಸ್ ಹೆಸರು ಸರಿಯಾಗಿ ಕೊಟ್ಟರೆ ಅದಕ್ಕೆ ತಕ್ಕ ಹಳೆಯ ಡಿಸ್ಕ್, ಹಳೆಯ ನೆಟ್‌ವರ್ಕ್ ಕಾರ್ಡನ್ನು ವರ್ಟ್-ಮ್ಯಾನೇಜರ್ ತಾನೇ ಆರಿಸುತ್ತದೆ.

ಆ ನೆಟ್‌ವರ್ಕ್ ಕಾರ್ಡನ್ನು ಇನ್‌ಸ್ಟಾಲ್ ಮುಗಿದ ಮೇಲೆ ಪಟ್ಟಿಯಿಂದ ರಿಮೂವ್ ಮಾಡಿಬಿಡಿ. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ 2014ರ ಏಪ್ರಿಲ್‌ನಲ್ಲೇ ನಿಂತಿದೆ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ಇಂಥದ್ದಕ್ಕೆ ಇಂಟರ್‌ನೆಟ್ ಕೊಡುವುದು ಅಂಗಡಿ ಬಾಗಿಲು ತೆಗೆದಿಟ್ಟು ಊಟಕ್ಕೆ ಹೋದ ಹಾಗೆ. ಫೈಲ್ ತರಲು ಪೆನ್‌ಡ್ರೈವ್ ಸಾಕು. ವಿಎಂ ಕಿಟಕಿಯ ವರ್ಚುವಲ್ ಮೆಷಿನ್ ಮೆನುವಿನಲ್ಲಿ ರೀಡೈರೆಕ್ಟ್ ಯುಎಸ್‌ಬಿ ಡಿವೈಸ್ ಒತ್ತಿ ಪೆನ್‌ಡ್ರೈವ್‌ಗೆ ಟಿಕ್ ಹಾಕಿದರೆ ಅದು ಒಳಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದನ್ನು ಮೊದಲು ಇಜೆಕ್ಟ್ ಮಾಡಿರಿ.

ಇನ್ನೊಂದು ವಿಷಯ ಡಿಟಿಪಿಯವರು ಕೇಳಿಯೇ ಕೇಳುತ್ತಾರೆ. ಒಳಗಿನ ಪೇಜ್‌ಮೇಕರ್‌ನಿಂದ ಕನ್ನಡ ಕಾಪಿ ಮಾಡಿ ಹೊರಗೆ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ವರ್ಚುವಲ್ ಮೆಷಿನ್ ಕೆಟ್ಟಿಲ್ಲ. ಆ ಪಠ್ಯ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟ್ ಅದು. ನುಡಿಯ ಜೊತೆ ಬರುವ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಹೊರಗೆ ತನ್ನಿ.

ನೆಟ್‌ವರ್ಕ್

ಹಾಗೇ ಬಿಟ್ಟರೆ ನ್ಯಾಟ್ ಇರುತ್ತದೆ, ಅಂದರೆ ವಿಎಂ ಲಿನಕ್ಸ್‌ನ ಹಿಂದೆ ನಿಂತು ಅದರ ಮೂಲಕ ಹೊರಗೆ ಹೋಗುತ್ತದೆ. ಒಳಗಿನ ವಿಂಡೋಸ್‌ಗೆ 192.168.122 ಎಂದು ಶುರುವಾಗುವ ವಿಳಾಸ ಸಿಗುತ್ತದೆ, ಇಂಟರ್‌ನೆಟ್ ಬರುತ್ತದೆ. ಒಬ್ಬರೇ ಬಳಸುವವರಿಗೆ ಇಷ್ಟೇ ಸಾಕು.

ಅಂಗಡಿಯಲ್ಲಿ ಮೂರು ಕಂಪ್ಯೂಟರ್ ಇದ್ದು, ಟ್ಯಾಲಿ ಡೇಟಾ ಈ ವಿಎಂನಲ್ಲಿ ಇಟ್ಟು ಉಳಿದವರು ಇಲ್ಲಿಗೇ ಬರಬೇಕು ಎಂದರೆ ನ್ಯಾಟ್ ಸಾಲದು. ಹೊರಗಿನವರು ಒಳಗೆ ಬರಲಾರರು. ಆಗ ನೆಟ್‌ವರ್ಕ್ ಸೋರ್ಸ್‌ನಲ್ಲಿ ಮ್ಯಾಕ್‌ವಿಟ್ಯಾಪ್ ಡಿವೈಸ್ ಆರಿಸಿ, ಕೇಬಲ್ ಹಾಕಿದ ಲ್ಯಾನ್ ಪೋರ್ಟಿನ ಹೆಸರು ಕೊಡಿ. ವಿಎಂಗೂ ನಿಮ್ಮ ರೂಟರ್‌ನಿಂದಲೇ ವಿಳಾಸ ಸಿಗುತ್ತದೆ. ಅದರ ಒಂದು ವಿಚಿತ್ರ: ಉಳಿದ ಎಲ್ಲ ಕಂಪ್ಯೂಟರ್‌ಗೂ ವಿಎಂ ಕಾಣುತ್ತದೆ, ಅದು ಓಡುತ್ತಿರುವ ಲಿನಕ್ಸ್‌ಗೆ ಮಾತ್ರ ಕಾಣುವುದಿಲ್ಲ. ಅದೂ ಬೇಕಿದ್ದರೆ ಲಿನಕ್ಸ್‌ನಲ್ಲಿ ಬ್ರಿಡ್ಜ್ ಎಂಬ ವರ್ಚುವಲ್ ಸ್ವಿಚ್ ಮಾಡಿಕೊಳ್ಳಬೇಕು. ವೈಫೈ ಮೇಲೆ ಇವೆರಡೂ ನಂಬುವಂತಿಲ್ಲ, ಕೇಬಲ್ ಎಳೆಯಿರಿ.

ಪ್ರಿಂಟರ್, ಡಾಂಗಲ್, ಡಿಎಸ್‌ಸಿ ಟೋಕನ್

ನೆಟ್‌ವರ್ಕ್ ಪ್ರಿಂಟರ್ ಆದರೆ ವಿಂಡೋಸ್‌ನಲ್ಲಿ ಅದರ ಐಪಿ ವಿಳಾಸ ಕೊಟ್ಟು ಸೇರಿಸಿದರೆ ಆಯಿತು. ಯುಎಸ್‌ಬಿಯದಾದರೆ ಆಡ್ ಹಾರ್ಡ್‌ವೇರ್‌ನಲ್ಲಿ ಯುಎಸ್‌ಬಿ ಹೋಸ್ಟ್ ಡಿವೈಸ್ ಆರಿಸಿ ಪಟ್ಟಿಯಿಂದ ಸೇರಿಸಿ. ವಿಎಂ ಓಡುತ್ತಿರುವಷ್ಟು ಹೊತ್ತು ಆ ಪ್ರಿಂಟರ್ ವಿಂಡೋಸ್‌ನದ್ದೇ, ಲಿನಕ್ಸ್‌ಗೆ ಸಿಗುವುದಿಲ್ಲ. ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್‌ಗೆ ಇದೇ ದಾರಿ ಒಳ್ಳೆಯದು. ಟ್ಯಾಕ್ಸ್ ಪ್ರಾಕ್ಟೀಷನರ್‌ಗಳ ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್, ಸಾಫ್ಟ್‌ವೇರ್ ಡಾಂಗಲ್ ಕೂಡ ಹೀಗೇ ಸೇರಿಸುವುದು.

ಕರೆಂಟ್ ಹೋಗುವ ಊರಿನಲ್ಲಿ ವಿಎಂ

ಕರೆಂಟ್ ಹೋಗಿ ಯುಪಿಎಸ್ ಕೂಗಲು ಶುರು ಮಾಡಿದಾಗ ವಿಂಡೋಸ್ ಶಟ್‌ಡೌನ್ ಆಗುವುದನ್ನು ಕಾಯುತ್ತಾ ಕೂರಬೇಕಿಲ್ಲ. ಪವರ್ ಬಟನ್ ಪಕ್ಕದ ಬಾಣದ ಗುರುತು ಒತ್ತಿದರೆ ಸೇವ್ ಎಂಬ ಆಯ್ಕೆ ಇದೆ. ವಿಎಂನ ರ್ಯಾಮ್‌ನಲ್ಲಿ ಏನಿದೆಯೋ ಅಷ್ಟನ್ನೂ ಡಿಸ್ಕಿಗೆ ಬರೆದು ನಿಲ್ಲುತ್ತದೆ. ಎಸ್‌ಎಸ್‌ಡಿ ಇದ್ದರೆ ಬೇಗ ಮುಗಿಯುತ್ತದೆ. ಕರೆಂಟ್ ಬಂದ ಮೇಲೆ ರೀಸ್ಟೋರ್ ಕೊಟ್ಟರೆ ಅರ್ಧ ಟೈಪ್ ಮಾಡಿದ ಲಗ್ನಪತ್ರಿಕೆ ಅರ್ಧದಲ್ಲೇ ತೆರೆದು ನಿಂತಿರುತ್ತದೆ. ಡ್ಯುಯಲ್ ಬೂಟ್‌ನಲ್ಲಿ ಈ ಸುಖ ಇಲ್ಲ.

ಸ್ನ್ಯಾಪ್‌ಶಾಟ್ ಇನ್ನೊಂದು. ಹೊಸ ಸಾಫ್ಟ್‌ವೇರ್ ಹಾಕುವ ಮೊದಲು ಒಂದು ತೆಗೆದಿಟ್ಟರೆ, ಕೆಟ್ಟರೆ ಹಿಂದಕ್ಕೆ ಹೋಗಬಹುದು. ಯುಇಎಫ್‌ಐ ಇರುವ ವಿಎಂಗೆ ಕೆಲವು ಆವೃತ್ತಿಗಳು ಸ್ನ್ಯಾಪ್‌ಶಾಟ್ ನಿರಾಕರಿಸುತ್ತವೆ. ಆಗ ವಿಎಂ ಆಫ್ ಮಾಡಿ, ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಕ್ಲೋನ್ ಮಾಡಿಟ್ಟುಕೊಳ್ಳಿ.

ಸ್ನ್ಯಾಪ್‌ಶಾಟನ್ನು ಬ್ಯಾಕಪ್ ಎಂದು ನಂಬಬೇಡಿ. ಅದು ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕ್ ಹೋದರೆ ಎರಡೂ ಹೋದವು. ನಿಜವಾದ ಬ್ಯಾಕಪ್‌ಗೆ ವಿಎಂ ಪೂರ್ತಿ ಆಫ್ ಮಾಡಿ, ಇಮೇಜಸ್ ಫೋಲ್ಡರ್‌ನಲ್ಲಿರುವ ಕ್ಯೂಕೌ2 ಫೈಲನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ಆ ಹಾರ್ಡ್‌ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿ ದಾಟಿದ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಆಗಿದ್ದರೆ ವಿಎಂಗೆ ಕೊಟ್ಟ ಪೂರ್ತಿ ಅಳತೆಯ ಜಾಗ ಬೇಕಾಗಬಹುದು ಎಂದುಕೊಂಡಿರಿ. ಜೊತೆಗೆ ವಿಎಂ ಓವರ್‌ವ್ಯೂನಲ್ಲಿ ಎಕ್ಸ್‌ಎಂಎಲ್ ಟ್ಯಾಬ್ ಇದೆ. ಅಲ್ಲಿರುವುದನ್ನೆಲ್ಲ ಕಾಪಿ ಮಾಡಿ ಒಂದು ಪಠ್ಯ ಫೈಲಿನಲ್ಲಿ ಉಳಿಸಿ. ಮೆಷಿನ್ ಬದಲಾದಾಗ ಅದೇ ನಕ್ಷೆ.

ಕೈಕೊಡುವ ಜಾಗಗಳು

ಹೊಸ ವಿಎಂ ಮಾಡುವಾಗ ಹಳದಿ ಗುರುತಿನ ಜೊತೆ ಕೆವಿಎಂ ಈಸ್ ನಾಟ್ ಅವೈಲಬಲ್ ಎಂದರೆ ಮುಂದುವರಿಯಬೇಡಿ. ಮುಂದುವರಿದರೂ ಓಡುತ್ತದೆ, ಆದರೆ ಎಲ್ಲ ಕೆಲಸ ಸಾಫ್ಟ್‌ವೇರ್‌ನಲ್ಲೇ ಆಗಿ ವಿಂಡೋಸ್ ಬೂಟ್ ಆಗುವುದರೊಳಗೆ ಚಹಾ ಕುಡಿದು ಬರಬಹುದು. ಬಯಾಸ್‌ಗೆ ವಾಪಸ್ ಹೋಗಿ ನೋಡಿ.

ನೆಟ್‌ವರ್ಕ್ ಡಿಫಾಲ್ಟ್ ಈಸ್ ನಾಟ್ ಆಕ್ಟಿವ್ ಎಂದು ವಿಎಂ ಶುರುವಾಗದಿದ್ದರೆ, ಮುಖ್ಯ ಕಿಟಕಿಯ ಎಡಿಟ್ ಮೆನು, ಕನೆಕ್ಷನ್ ಡೀಟೇಲ್ಸ್, ವರ್ಚುವಲ್ ನೆಟ್‌ವರ್ಕ್ಸ್. ಡಿಫಾಲ್ಟ್ ಆರಿಸಿ ಕೆಳಗಿನ ಪ್ಲೇ ಗುಂಡಿ ಒತ್ತಿ, ಆನ್ ಬೂಟ್ ಎಂಬುದಕ್ಕೆ ಟಿಕ್ ಹಾಕಿ.

ಮೊದಲೇ ವರ್ಚುವಲ್‌ಬಾಕ್ಸ್ ಇದ್ದ ಮೆಷಿನ್ ಆದರೆ ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಪ್ರೊಸೆಸರ್‌ನ ಅದೇ ಸೌಲಭ್ಯಕ್ಕೆ ಎರಡೂ ಕಿತ್ತಾಡುತ್ತವೆ. ಹಳೆಯ ವಿಡಿಐ ಡಿಸ್ಕ್ ಫೈಲನ್ನು ಎಸೆಯಬೇಡಿ. ಕ್ಯೂಎಂಯು ಜೊತೆ ಬಂದಿರುವ ಕ್ಯೂಎಂಯು-ಐಎಂಜಿ ಎಂಬ ಸಲಕರಣೆಯ ಕನ್ವರ್ಟ್ ಆಯ್ಕೆ ಅದನ್ನು ಕ್ಯೂಕೌ2ಗೆ ಬದಲಿಸಿಕೊಡುತ್ತದೆ. ಹೊಸ ವಿಎಂ ಮಾಡುವಾಗ ಮೊದಲ ಹಂತದಲ್ಲಿ ಇಂಪೋರ್ಟ್ ಎಗ್ಸಿಸ್ಟಿಂಗ್ ಡಿಸ್ಕ್ ಇಮೇಜ್ ಆರಿಸಿ ಆ ಫೈಲ್ ಕೊಡಿ. ಡಿಸ್ಕ್ ಬಸ್ ಸಾಟಾ ಆಗಿಯೇ ಇರಲಿ. ಒಳಗಿನ ವಿಂಡೋಸ್‌ನಲ್ಲಿ ವರ್ಟಿಯೋ ಡ್ರೈವರ್ ಇನ್ನೂ ಇಲ್ಲ, ಬಸ್ ಬದಲಿಸಿದರೆ ಬೂಟ್ ಆಗದೆ ನೀಲಿ ಪರದೆ ತೋರಿಸುತ್ತದೆ.